ಹೊಳೆ ದಾಟಿ, ಕಡಲು ದಾಟಿ

ಸಾಗರದಿಂದ ಆವಿನಹಳ್ಳಿಯ ಮೇಲೆ ಹೋಗುವ ರಸ್ತೆ ಅಡಿಕೆ ತೋಟದ ಕಣಿವೆಗಳನ್ನು ಇಳಿದು ಹತ್ತಿ, ಅಕೇಶಿಯಾ ನೆಡುತೋಪುಗಳ ನಡುವೆ ಹಾದು, ಕೊನೆಗೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ನೀರಿನ ಎದುರು ಬಂದು ನಿಲ್ಲುತ್ತದೆ. ಅದೇ ಹೊಳೆಬಾಗಿಲು. ಈ ದಡ ಅಂಬಾರಗೋಡ್ಲು, ಆ ದಡ ಕಳಸವಳ್ಳಿ. ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ಅಗಲದ ಶರಾವತಿಯ ಹಿನ್ನೀರು.

ಹೆಸರೇ ಹೇಳುವಂತೆ ಇದು ಹೊಳೆಯ ಬಾಗಿಲು. ಬಾಗಿಲೆಂದ ಮೇಲೆ ಹೋಗುವವರೂ ಬರುವವರೂ ಇರಲೇಬೇಕು. ಹೊಳೆಬಾಗಿಲಿಗೆ ಎಲ್ಲಕ್ಕಿಂತ ಹೆಚ್ಚು ಗಲಾಟೆಯ ತಿಂಗಳು ಡಿಸೆಂಬರ್. ಮಳೆಗಾಲದಲ್ಲಿ ತುಂಬಿದ ಜಲಾಶಯ ಆಗ ಇನ್ನೂ ಬಹಳ ಇಳಿದಿರುವುದಿಲ್ಲ. ಬೆಳಗಿನ ಜಾವ ನೀರಿನ ಮೇಲೆ ಮಂಜು ಹಾಸಿಕೊಂಡಿರುತ್ತದೆ. ಒಂಬತ್ತು ಗಂಟೆಯಾದರೂ ದ್ವೀಪದಂತಿರುವ ಗುಡ್ಡಗಳ ತಲೆ ಮಾತ್ರ ಕಾಣುತ್ತದೆ. ಶಾಲಾ ಪ್ರವಾಸದ ಬಸ್ಸುಗಳು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರ ವಾಹನಗಳು, ಜೋಗ ನೋಡಿ ಹಾಗೇ ಕೊಲ್ಲೂರಿಗೆ ಹೊರಟ ಸಂಸಾರಗಳು ಎಲ್ಲವೂ ಈ ತಿಂಗಳಿನಲ್ಲೇ ಇತ್ತ ಮುಖ ಮಾಡುತ್ತವೆ.

ಆದರೆ ಆ ಜನಜಂಗುಳಿಯಲ್ಲಿ ಪ್ರವಾಸಿಗಳಲ್ಲದ ಇನ್ನೊಂದು ಬಗೆಯ ಪ್ರಯಾಣಿಕರೂ ಇರುತ್ತಾರೆ. ಗಾಲಿ ಪೆಟ್ಟಿಗೆಗೆ ವಿಮಾನ ಕಂಪೆನಿಯ ಚೀಟಿ ಇನ್ನೂ ಅಂಟಿಕೊಂಡಿರುತ್ತದೆ. ನಿದ್ದೆಗೆಟ್ಟ ಕಣ್ಣು, ಮಲೆನಾಡಿನ ಚಳಿಗೆ ಹೆಚ್ಚೇ ಎನ್ನಿಸುವ ದಪ್ಪ ಕೋಟು. ತುಮರಿ, ಬ್ಯಾಕೋಡು ಕಡೆಯ ಹಳ್ಳಿಗಳಿಂದ ಓದಿ ಹೊರಗೆ ಹೋದವರು ವರ್ಷದ ಕೊನೆಯ ರಜೆಗೆ ಮನೆಗೆ ಬರುವ ಕಾಲವಿದು. ಅದೇ ಹೊತ್ತಿಗೆ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟು ನಿಂತವರೂ ಇರುತ್ತಾರೆ. ಹೊಳೆಬಾಗಿಲನ್ನು ಅರಿಯಬೇಕಾದರೆ ಇವರ ಹೋಗುಬರುವಿಕೆಯನ್ನೂ ನೋಡಬೇಕು.

ಬಾಗಿಲು ಅಗಲವಾದದ್ದು

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲೂಕಿನಲ್ಲಿ ಹಳ್ಳತೊರೆಗಳನ್ನು ಕೂಡಿಸಿಕೊಂಡು ಬೆಳೆಯುತ್ತಾಳೆ. ಸಾಗರ ತಾಲೂಕಿಗೆ ಬಂದು ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯ ಮೇಲೆ ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಒಟ್ಟು ಉದ್ದ ಸುಮಾರು 128 ಕಿಲೋಮೀಟರ್. ನದಿಗಳ ಲೆಕ್ಕದಲ್ಲಿ ಗಿಡ್ಡ ನದಿಯೇ. ಆದರೆ ಈ ಗಿಡ್ಡ ನದಿಯ ಕೊರಳಿಗೆ ಕಟ್ಟಿದ ಭಾರ ಸಣ್ಣದಲ್ಲ.

ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಅದಾದ ಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಿರೇಭಾಸ್ಕರವೂ ಅದರ ಹಿನ್ನೀರಿನಲ್ಲೇ ಮುಳುಗಿ, ಬೇಸಿಗೆ ಕಡುವಾದ ವರ್ಷಗಳಲ್ಲಿ ಮಾತ್ರ ತಲೆ ಎತ್ತಿ ನೋಡುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಅಷ್ಟು ನೀರು ನಿಂತಾಗ ಗದ್ದೆ, ತೋಟ, ಗುಡಿ, ಹಾದಿ ಎಲ್ಲವೂ ತಳ ಸೇರಿದವು. ಸಾವಿರಾರು ಕುಟುಂಬಗಳು ಪಾತ್ರೆಪಗಡಿ, ದನಕರುಗಳೊಂದಿಗೆ ಗುಳೆ ಎದ್ದವು. ಲಾರಿಗಳಲ್ಲಿ ಕರೆದೊಯ್ದು ದೂರದ ಕಾಡುಗಳ ಅಂಚಿನಲ್ಲಿ ಇಳಿಸಲಾದ ಎಷ್ಟೋ ಮನೆತನಗಳ ಭೂಮಿಯ ಹಕ್ಕಿನ ತಕರಾರು ಅರುವತ್ತು ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ.

ಹೋದವರದು ಒಂದು ಕತೆಯಾದರೆ ಉಳಿದವರದು ಇನ್ನೊಂದು. ಕರೂರು, ಬಾರಂಗಿ ಹೋಬಳಿಗಳ ಹಳ್ಳಿಗಳು ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು ಎಂಬ ಸ್ಥಿತಿಯಲ್ಲಿ ಉಳಿದವು. ಭೂಗೋಳದ ಪ್ರಕಾರ ಅದು ದ್ವೀಪವಲ್ಲ. ಆದರೆ ತಾಲೂಕು ಕಚೇರಿ, ದೊಡ್ಡ ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲ ಆಚೆ ದಡದಲ್ಲಿದ್ದರೆ ಅಲ್ಲಿಯ ಜನರಿಗೆ ಅದು ದ್ವೀಪವೇ. ಸಾಗರದಲ್ಲೇ ಬಾಳಿದ ಕಾದಂಬರಿಕಾರ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹುಟ್ಟಿದ್ದು ಈ ನೀರಿನಿಂದಲೇ. ‘ದ್ವೀಪ’ವನ್ನು ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ ಕಾಸರವಳ್ಳಿ ಚಲನಚಿತ್ರವಾಗಿಸಿದರು.

ಹೊಳೆ ದಾಟಲು ಇದ್ದದ್ದು ಒಳನಾಡು ಜಲಸಾರಿಗೆಯ ಲಾಂಚ್. ಬಸ್ಸು, ಕಾರು, ಬೈಕು, ಅಡಿಕೆ ಮೂಟೆ, ಹಾಲಿನ ಕ್ಯಾನು, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ. ಬಸ್ಸು ಹತ್ತಿದಾಗ ಲಾಂಚ್ ತುಸು ತಗ್ಗುವುದನ್ನು ಕಂಡು ಹೆದರುವವರಿದ್ದರು. ಆರ್ಕಿಮಿಡೀಸ್ ಹೇಳಿದ್ದು ಅದನ್ನೇ ತಾನೆ! ಹತ್ತು ಟನ್ ತೂಕದ ಬಸ್ಸು ಹತ್ತಿದರೆ ಹತ್ತು ಘನ ಮೀಟರ್ ನೀರು ಪಕ್ಕಕ್ಕೆ ಸರಿಯಬೇಕು. ಲಾಂಚಿನ ತಳ ನೂರು ಚದರ ಮೀಟರ್ ಇದ್ದರೆ ಅದು ಒಂದು ಗೇಣಿನ ಅರ್ಧದಷ್ಟು, ಹತ್ತು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಅಷ್ಟು ಇಳಿದ ಮೇಲೆ ನೀರೇ ಬಸ್ಸನ್ನು ಹೊತ್ತುಕೊಳ್ಳುತ್ತದೆ.

ಲಾಂಚಿನ ಕಷ್ಟ ತೂಕದ್ದಲ್ಲ, ಹೊತ್ತಿನದು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬಾಗಿಲು ಹಾಕಿದಂತೆಯೇ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ನೋವೆಂದರೆ ಮನೆಯವರ ಮೊದಲ ಪ್ರಶ್ನೆ ಯಾವ ಡಾಕ್ಟರ್ ಎಂಬುದಲ್ಲ. ಹೊಳೆ ದಾಟುವುದು ಹೇಗೆ ಎಂಬುದು. ಇಲ್ಲವಾದರೆ ನಿಟ್ಟೂರು, ನಗರ, ಹೊಸನಗರಗಳ ಮೇಲೆ ಹತ್ತಾರು ಕಿಲೋಮೀಟರ್ ಸುತ್ತಬೇಕು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನೂ ನಿಲ್ಲಿಸುತ್ತಿದ್ದರು.

ಇದರಲ್ಲೊಂದು ವಿಪರೀತವಿದೆ. ಸಾವಿರ ಲೀಟರ್ ನೀರು ನಾನೂರು ಮೀಟರಿಗೂ ಹೆಚ್ಚು ಎತ್ತರದಿಂದ ಕೊಳವೆಯಲ್ಲಿ ಇಳಿದು ಚಕ್ರ ತಿರುಗಿಸಿದರೆ ಹೆಚ್ಚೂಕಡಿಮೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಶರಾವತಿ ವಿದ್ಯುತ್ ಯೋಜನೆಯನ್ನು ನಾಡಿಗೆ ಅರ್ಪಿಸಿದರು. ಬೆಳೆಯುತ್ತ 1035 ಮೆಗಾವಾಟ್ ಸಾಮರ್ಥ್ಯಕ್ಕೆ ಮುಟ್ಟಿದ ಈ ವಿದ್ಯುದಾಗಾರ ಒಂದು ಕಾಲಕ್ಕೆ ರಾಜ್ಯದ ಬೆಳಕಿನ ಬಹುಪಾಲನ್ನು ಹೊತ್ತಿತ್ತು. ಬೆಂಗಳೂರಿನ ಕಾರ್ಖಾನೆಗಳು ಆ ಬಲದ ಮೇಲೆ ನಡೆದವು. ಮುಂದೆ 1985ರಲ್ಲಿ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಅದರ ಹಿಂದೆ ಸಾಲುಸಾಲಾಗಿ ಕಂಪ್ಯೂಟರ್ ಕಂಪೆನಿಗಳು ಬಂದವು. ಹಿನ್ನೀರಿನ ಹಳ್ಳಿಗಳ ಮಕ್ಕಳು ಕೆಲಸ ಹುಡುಕಿ ಹೋದದ್ದು ಅಲ್ಲಿಗೇ. ಅಲ್ಲಿಂದ ಮುಂದಿನ ಮೆಟ್ಟಿಲು ಹೊರದೇಶ. ಹೊಲ ಮುಳುಗಿಸಿದ ನೀರೇ ಒಂದು ಬಗೆಯಲ್ಲಿ ಮಕ್ಕಳಿಗೆ ದಾರಿಯನ್ನೂ ತೋರಿಸಿತು.

ಚಳಿಗಾಲಕ್ಕೆ ಕಾಯುತ್ತಿದ್ದ ಹಡಗುಗಳು

ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವುದು, ಅದೂ ಚಳಿಗಾಲದಲ್ಲಿ ಹೋಗುವುದು ಈ ಹೊಳೆಗೆ ಹೊಸದೇನೂ ಅಲ್ಲ. ಆಗ ದಿಕ್ಕು ಮಾತ್ರ ಬೇರೆ. ಅಲ್ಲಿಯವರು ಇಲ್ಲಿಗೆ ಬರುತ್ತಿದ್ದರು.

ಅವರನ್ನು ಎಳೆದು ತರುತ್ತಿದ್ದದ್ದು ಕರಿಮೆಣಸು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ಮೇಲಿನ ಮೆಣಸು ಎತ್ತಿನ ಬೆನ್ನ ಮೇಲೆ ಇಳಿದು, ಗೇರುಸೊಪ್ಪೆಯಿಂದ ದೋಣಿಯಲ್ಲಿ ಹೊನ್ನಾವರ ಸೇರುತ್ತಿತ್ತು. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಗೆ ಹಡಗು ಸುಳಿಯುವಂತಿರಲಿಲ್ಲ. ಮಳೆ ನಿಂತು, ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ, ಸರಕು ತುಂಬಿದ ಹಡಗುಗಳು ಲಿಸ್ಬನ್ನಿನ ಕಡೆ ಹಾಯಿ ಬಿಚ್ಚುತ್ತಿದ್ದವು. ಗಾಳಿಯೇ ಆ ಕಾಲದ ವೇಳಾಪಟ್ಟಿ. ಆ ಗಾಳಿ ತಪ್ಪಿದರೆ ಒಂದು ವರ್ಷವೇ ಕೈತಪ್ಪಿದಂತೆ.

ಚೆನ್ನಭೈರಾದೇವಿಯ ನಂತರ ಈ ಸೀಮೆ ಕೆಳದಿಯ ಅರಸರ ಕೈಗೆ ಬಂತು. ಸಾಗರದ ಪಕ್ಕದ ಇಕ್ಕೇರಿ ಆಗ ಅವರ ರಾಜಧಾನಿ. 1623ರಲ್ಲಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಗೋವಾದಿಂದ ಪೋರ್ಚುಗೀಸರ ರಾಯಭಾರಿಯೊಬ್ಬ ಬಂದ. ಆತನದು ಅಪ್ಪಟ ಕೆಲಸದ ಪ್ರಯಾಣ: ಮೆಣಸಿನ ವ್ಯವಹಾರ, ತುಳುನಾಡಿನ ಬಂಗ ಅರಸನ ತಗಾದೆ. ಆತನ ಜೊತೆ ಕುತೂಹಲಕ್ಕಾಗಿಯೇ ಬಂದವನು ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ. ಅಕ್ಟೋಬರಿನಲ್ಲಿ ಗೋವಾ ಬಿಟ್ಟು, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯ ಮೇಲೆ ದೋಣಿಯಲ್ಲಿ ಬಂದು, ಘಟ್ಟ ಹತ್ತಿ ನವೆಂಬರಿನಲ್ಲಿ ಇಕ್ಕೇರಿ ಮುಟ್ಟಿದ. ಹೊಳೆಯ ಎರಡು ದಡದ ಹಸಿರನ್ನು ಕಂಡು ಮನಸಾರೆ ಹೊಗಳಿದ. ಘಟ್ಟದ ಕಾಡು ಅವನಿಗೆ ತನ್ನ ಊರಿನ ಅಪೆನೈನ್ ಬೆಟ್ಟಗಳನ್ನು ನೆನಪಿಸಿತು.

ರಾಯಭಾರಿಯ ಒಪ್ಪಂದಗಳು ಎಂದೋ ಸವೆದುಹೋದವು. ಉಳಿದದ್ದು ಜೊತೆಗಾರ ಬರೆದ ಪತ್ರಗಳು. ಅವುಗಳಲ್ಲಿ ಒಂದು ಸಣ್ಣ ಚಿತ್ರವಿದೆ. ದಾರಿಯ ಗುಡಿಯೊಂದರ ಜಗಲಿಯಲ್ಲಿ ಕೆಲವು ಹುಡುಗರು ನೆಲಕ್ಕೆ ನುಣ್ಣನೆಯ ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುತ್ತಿದ್ದರು. ಬರೆದು ತುಂಬಿದರೆ ಅಳಿಸಿ ಮತ್ತೆ ಮರಳು ಚೆಲ್ಲುವುದು. ಕಾಗದವಿಲ್ಲ, ಶಾಯಿಯಿಲ್ಲ, ಎದುರಿಗೆ ಗುರುವೂ ಇಲ್ಲ. ತಮಗೆ ತಾವೇ ಕಲಿಯುತ್ತಿದ್ದ ಆ ಹುಡುಗರನ್ನು ಕಂಡು ಅವನು ಬೆರಗಾದ. ನಾಲ್ಕು ಶತಮಾನದ ಹಿಂದೆ ಪರದೇಶದವನೊಬ್ಬ ಮಲೆನಾಡಿನಲ್ಲಿ ಕಂಡು ಮೆಚ್ಚಿದ್ದು ಅಡಿಕೆಯನ್ನಲ್ಲ, ಮೆಣಸನ್ನಲ್ಲ, ಮಕ್ಕಳ ಲೆಕ್ಕವನ್ನು! ಇಂದು ಈ ಸೀಮೆಯಿಂದ ಹೊರದೇಶಕ್ಕೆ ಹೋಗುತ್ತಿರುವುದೂ ಬಹುಮಟ್ಟಿಗೆ ಅದೇ ಸರಕು.

ಸುಗ್ಗಿಯೂ ರಜೆಯೂ ಒಟ್ಟಿಗೆ

ಪಶ್ಚಿಮದ ದೇಶಗಳಲ್ಲಿ ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ಕಚೇರಿಗಳು ಅರೆನಿದ್ದೆಯಲ್ಲಿರುತ್ತವೆ. ಅಲ್ಲಿಗೆ ಹೋದ ಮಲೆನಾಡಿಗರಿಗೆ ಊರಿಗೆ ಬರಲು ಎರಡು ಮೂರು ವಾರ ಸಿಗುವುದು ಆಗಲೇ. ಗಣಪತಿ ಹಬ್ಬಕ್ಕೆ, ದೀಪಾವಳಿಗೆ ರಜೆಯಿಲ್ಲ. ಹಬ್ಬವಿಲ್ಲದ ಡಿಸೆಂಬರಿನಲ್ಲಿ ರಜೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮದುವೆ ಮಾತುಕತೆ, ಮೊಮ್ಮಗುವಿನ ಚೌಲ, ಬ್ಯಾಂಕು–ಪಹಣಿಯ ಕೆಲಸ, ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವೂ ಆ ಹದಿನೈದು ದಿನಕ್ಕೆ ಬಂದು ಬೀಳುತ್ತವೆ.

ಇತ್ತ ಊರಿನಲ್ಲಿ ಅದು ರಜೆಯಲ್ಲ, ಸುಗ್ಗಿ. ನವೆಂಬರಿನಿಂದ ಜನವರಿಯ ತನಕ ಅಡಿಕೆ ಕೊಯ್ಲು. ಕೊನೆಗಾರ ಮರದಿಂದ ಮರಕ್ಕೆ ದಾಟುತ್ತ ಕೊನೆ ಇಳಿಸಬೇಕು, ಕೆಳಗೆ ಹಗ್ಗ ಹಿಡಿಯಲು ಆಳು ಬೇಕು, ಹೆಕ್ಕಲು ಆಳು ಬೇಕು. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯಬೇಕು. ಸುಲಿದದ್ದನ್ನು ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ, ಅಟ್ಟದ ಮೇಲೆ ಹರಡಿ, ವಾರಗಟ್ಟಲೆ ಬಿಸಿಲು ಕಾಯಿಸಬೇಕು. ನಡುವೆ ಮೋಡ ಕವಿದರೆ ಬೂಷ್ಟು, ಬೂಷ್ಟು ಹಿಡಿದರೆ ದರ ಅರ್ಧ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸುವ ಕಣ್ಣಿಗೆ ಹತ್ತಾರು ವರ್ಷದ ಅನುಭವ ಬೇಕು.

ಈ ಕೆಲಸಕ್ಕೆ ಈಗ ಕೈಗಳಿಲ್ಲ. ಕೊನೆಗಾರರು ವಿರಳ. ಇದ್ದವರ ಮಕ್ಕಳೂ ಮರ ಹತ್ತುವುದಿಲ್ಲ, ಹತ್ತಬೇಕೆಂದು ಯಾರೂ ಹೇಳುವಂತೆಯೂ ಇಲ್ಲ. ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಸುಲಿಯುವ ಯಂತ್ರ ಬಂದಿದೆ. ಹೊರದೇಶದಿಂದ ಬಂದ ಮಗ ಎರಡು ದಿನ ದೋಟಿ ಹಿಡಿದು ಕುತ್ತಿಗೆ ನೋಯಿಸಿಕೊಳ್ಳುತ್ತಾನೆ. ಮೂರನೆಯ ದಿನ ಪೇಟೆಗೆ ಹೋಗಿ ತಂದೆಗೊಂದು ಒಳ್ಳೆಯ ಫೋನು ತರುತ್ತಾನೆ. ಎರಡೂ ಪ್ರೀತಿಯೇ. ಆದರೆ ತೋಟಕ್ಕೆ ಬೇಕಾದದ್ದು ವರ್ಷವಿಡೀ ಇರುವ ಕೈ.

ರಜೆಗೆ ಬರುವವರ ಮಾತಾಯಿತು. ಅದೇ ಕಾಲದಲ್ಲಿ ಇಲ್ಲಿಂದ ಹೊರಡುವವರೂ ಇದ್ದಾರೆ. ಅಲ್ಲಿಯವರು ಹಬ್ಬಕ್ಕೆ ಮನೆ ಸೇರಿದಾಗ ಯಂತ್ರಗಳನ್ನು, ಕಂಪ್ಯೂಟರ್ ವ್ಯವಸ್ಥೆಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕು. ದೊಡ್ಡ ಬದಲಾವಣೆಗಳನ್ನು ಗಿರಾಕಿಗಳಿಲ್ಲದ ರಜೆಯಲ್ಲೇ ಮಾಡಿ ಮುಗಿಸುವುದು ಅನುಕೂಲ. ಇದರ ಅತಿ ದೊಡ್ಡ ನಿದರ್ಶನ 1999ರ ಡಿಸೆಂಬರ್. ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆದಿಟ್ಟುಕೊಂಡಿದ್ದ ಕಂಪ್ಯೂಟರುಗಳು 2000 ಬಂದಾಗ ಅದನ್ನು 1900 ಎಂದು ತಿಳಿದರೆ ಗತಿಯೇನು ಎಂಬ ಭಯದಲ್ಲಿ ಜಗತ್ತೇ ಇತ್ತು. ಆ ದೋಷ ತಿದ್ದಲು ಭಾರತದಿಂದ ಹೋದ ಎಂಜಿನಿಯರುಗಳು ಹೊಸ ಶತಮಾನದ ಮೊದಲ ರಾತ್ರಿಯನ್ನು ಪರದೇಶದ ಕಚೇರಿಗಳಲ್ಲಿ ಕಂಪ್ಯೂಟರ್ ಪರದೆ ನೋಡುತ್ತ ಕಳೆದರು. ಕಡಲು ದಾಟಿದರೆ ಜಾತಿ ಕೆಡುತ್ತದೆಂದು ಹೆದರುತ್ತಿದ್ದ ಮನೆತನಗಳ ಮೊಮ್ಮಕ್ಕಳು ಅವರು.

ಅದಕ್ಕೂ ಮೊದಲಿನ ತಲೆಮಾರಿನಲ್ಲಿ ಹೋದವರು ಹೆಚ್ಚಾಗಿ ಓದಲು ಹೋದವರು. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1963ರಿಂದ 66ರವರೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ಮಲೆನಾಡಿನ ಅಗ್ರಹಾರದ ಕತೆಯಾದ ‘ಸಂಸ್ಕಾರ’ವನ್ನು ಬರೆದದ್ದು ಅಲ್ಲಿದ್ದಾಗಲೇ. ಇತ್ತ ಶರಾವತಿಯ ನೀರು ಊರುಗಳನ್ನು ಮುಚ್ಚಿದ್ದೂ ಅದೇ ವರ್ಷಗಳಲ್ಲಿ. ದೂರ ಹೋದಾಗ ಊರು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎರಡು ಬಿಸಿಲು, ಎರಡು ಗಡಿಯಾರ

ಡಿಸೆಂಬರಿನಲ್ಲಿ ಮಲೆನಾಡಿನಿಂದ ಉತ್ತರದ ದೇಶಕ್ಕೆ ಹೋದವರನ್ನು ಮೊದಲು ಕಂಗೆಡಿಸುವುದು ಚಳಿಯಲ್ಲ, ಕತ್ತಲೆ. ಹೊಳೆಬಾಗಿಲು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಆಸುಪಾಸು ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 6.50ರ ಸುಮಾರಿಗೆ, ಮುಳುಗುವುದು ಸಂಜೆ 6 ದಾಟಿದ ಮೇಲೆ. ವರ್ಷದ ಅತಿ ಗಿಡ್ಡ ಹಗಲಿಗೂ ಹನ್ನೊಂದೂಕಾಲು ಗಂಟೆಯ ಉದ್ದವಿದೆ. ಅದೇ ದಿನ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರು ಗಂಟೆ ಮಾತ್ರ. ನಡು ಹಗಲಿನಲ್ಲಿ ಸೂರ್ಯ ಹೊಳೆಬಾಗಿಲಿನ ಆಕಾಶದಲ್ಲಿ 52 ಡಿಗ್ರಿ ಎತ್ತರದಲ್ಲಿದ್ದರೆ ಲಂಡನ್ನಿನಲ್ಲಿ 15 ಡಿಗ್ರಿ. ಇಲ್ಲಿ ಅಡಿಕೆ ಒಣಗಿಸುವ ಬಿಸಿಲು ಅಲ್ಲಿ ಒದ್ದೆ ಬಟ್ಟೆಯನ್ನೂ ಒಣಗಿಸದು. ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿರುವುದರ ಪರಿಣಾಮವಿದು. ಶಾಲೆಯಲ್ಲಿ ಗೋಳ ಮತ್ತು ಮೇಣದಬತ್ತಿ ಇಟ್ಟು ತೋರಿಸಿದ್ದು ಆಗ ಮೈಗೆ ತಿಳಿಯುತ್ತದೆ.

ಇನ್ನು ಗಡಿಯಾರ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಹೊಳೆಬಾಗಿಲಿನಲ್ಲಿ ಬೆಳಗ್ಗೆ ಏಳು ಗಂಟೆಯಾದಾಗ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಮಗಳು ಕೆಲಸ ಮುಗಿಸಿ ಕಚೇರಿಯಿಂದ ಹೊರಡುವಾಗ ತಾಯಿ ಇಲ್ಲಿ ದೋಸೆಗೆ ಕಾವಲಿ ಇಡುತ್ತಿರುತ್ತಾಳೆ. ಇಬ್ಬರೂ ಮಾತಾಡಲು ಸಿಗುವ ಹೊತ್ತು ಅದೊಂದೇ. ಹಿನ್ನೀರಿನ ಹಳ್ಳಿಗಳಲ್ಲಿ ಫೋನಿನ ಸಿಗ್ನಲ್ ಸಿಗುವುದು ಕೆಲವು ಗುಡ್ಡದ ನೆತ್ತಿಯಲ್ಲಿ ಮಾತ್ರ ಎಂಬ ಕಾಲದಲ್ಲಿ ಆ ಹೊತ್ತಿಗೆ ಗುಡ್ಡ ಹತ್ತಿ ನಿಲ್ಲುವ ಮುದುಕರಿದ್ದರು.

ದೂರದ ಲೆಕ್ಕವೂ ಸೋಜಿಗದ್ದೇ. ಬೆಂಗಳೂರು ಸುಮಾರು 77 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ ಸ್ಯಾನ್‌ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿದೆ. ಎಂದರೆ ಒಂದು ಭೂಮಿಯ ಈ ಬದಿ, ಇನ್ನೊಂದು ಹೆಚ್ಚೂಕಡಿಮೆ ಆ ಬದಿ. ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರ ಎಳೆದು ಬಿಗಿಹಿಡಿದರೆ ಅದು ಪೂರ್ವಕ್ಕೂ ಹೋಗುವುದಿಲ್ಲ, ಪಶ್ಚಿಮಕ್ಕೂ ಹೋಗುವುದಿಲ್ಲ. ಉತ್ತರ ಧ್ರುವದ ಹತ್ತಿರ ಹಾಯುತ್ತದೆ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನವನ್ನು ತಂದದ್ದು ಈ ಧ್ರುವದ ದಾರಿಯಲ್ಲೇ.

ಭೂಮಿಯ ಅರ್ಧ ಸುತ್ತನ್ನು ಒಂದು ದಿನದೊಳಗೆ ಮುಗಿಸಿ ಬೆಂಗಳೂರಿನಲ್ಲಿ ಇಳಿದವರು ರೈಲೋ ಬಸ್ಸೋ ಹಿಡಿದು ಸಾಗರ ಸೇರುತ್ತಾರೆ. ದಾರಿಯಲ್ಲಿ ಎಲ್ಲಾದರೂ ತಡವಾಗಿ ಹೊಳೆಬಾಗಿಲು ತಲುಪುವಾಗ ಕೊನೆಯ ಲಾಂಚ್ ಹೋಗಿಬಿಟ್ಟಿದ್ದರೆ? ಹದಿನಾಲ್ಕು ಸಾವಿರ ಕಿಲೋಮೀಟರ್ ಕ್ರಮಿಸಿ ಬಂದವರು ಕೊನೆಯ ಎರಡು ಕಿಲೋಮೀಟರಿಗಾಗಿ ರಾತ್ರಿಯೆಲ್ಲ ಕಾಯಬೇಕಿತ್ತು. ಆಚೆ ದಡದ ದೀಪ ಕಣ್ಣಿಗೆ ಕಾಣುತ್ತಿತ್ತು. ಕಾಲಿಗೆ ಮಾತ್ರ ದಾರಿಯಿರಲಿಲ್ಲ.

2025ರ ಡಿಸೆಂಬರ್

ಆ ಕಾಯುವಿಕೆ 2025ರ ಜುಲೈ 14ರಂದು ಕೊನೆಗೊಂಡಿತು. ಅಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಉದ್ದ 2.44 ಕಿಲೋಮೀಟರ್, ಅಗಲ 16 ಮೀಟರ್, ವೆಚ್ಚ ಸುಮಾರು 470 ಕೋಟಿ ರೂಪಾಯಿ. ನಡುವಿನ ಆಳವಾದ ಭಾಗದಲ್ಲಿ ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹೊರಜಿಗಳು ರಸ್ತೆಯ ಹಲಗೆಯನ್ನು ಎತ್ತಿ ಹಿಡಿದಿವೆ. ಆಳದ ನೀರಿನಲ್ಲಿ ಮಾರು ಮಾರಿಗೊಂದು ಕಂಬ ನಿಲ್ಲಿಸುವುದು ಕಷ್ಟ; ಭಾರವನ್ನು ಹೊರಜಿಯ ಎಳೆತದಿಂದ ಕೆಲವೇ ಕಂಬಗಳಿಗೆ ಒಯ್ಯುವುದು ಇದರ ಗುಟ್ಟು. ಬಟ್ಟೆ ಒಣಗಿಸುವ ಬಿದಿರಿನ ಗಳುವನ್ನು ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿದಂತೆ.

ಮುಳುಗಡೆಯಾಗಿ ಅರುವತ್ತೊಂದು ವರ್ಷದ ಮೇಲೆ ಹೊಳೆಬಾಗಿಲು ಹಗಲೂ ರಾತ್ರಿ ತೆರೆದುಕೊಂಡಿತು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರಿಗೆ ಅದನ್ನು ನೋಡುವ ಯೋಗ ಇರಲಿಲ್ಲ. ಬಸುರಿ ಹೆಂಗಸನ್ನು ನಡುರಾತ್ರಿ ಸಾಗರದ ಆಸ್ಪತ್ರೆಗೆ ಕರೆದೊಯ್ಯಲು ಈಗ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಪರದೇಶದಿಂದ ಬರುವ ಮಕ್ಕಳು ಎಷ್ಟು ಹೊತ್ತಿಗೆ ಬಂದರೂ ಮನೆಯ ಅಂಗಳಕ್ಕೇ ಬಂದು ಇಳಿಯಬಹುದು. ಸೇತುವೆ ತೆರೆದ ಮೇಲೆ ಬಂದ ಮೊದಲ ಡಿಸೆಂಬರ್ ಎಂದು ಕಾದಿದ್ದವರು ಅನೇಕರು.

ಆದರೆ ಆ ಡಿಸೆಂಬರಿನಲ್ಲೇ ಇನ್ನೊಂದು ಕಡವಿನಲ್ಲಿ ಲಾಂಚ್ ನಿಂತಿತು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರು ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಆ ದೇಶದ ಹೊರಗಿನ ದೂತಾವಾಸಕ್ಕೇ ಹೋಗಬೇಕು. ಹೀಗಾಗಿ ಭಾರತೀಯರು ವರ್ಷಾಂತ್ಯದ ರಜೆಗೆ ಊರಿಗೆ ಬಂದಾಗಲೇ ಚೆನ್ನೈಗೋ ಹೈದರಾಬಾದಿಗೋ ಹೋಗಿ ಆ ಕೆಲಸ ಮುಗಿಸಿಕೊಳ್ಳುವುದು ವಾಡಿಕೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ ಅಮೆರಿಕ, ಡಿಸೆಂಬರ್ 15ರಿಂದ ಎಲ್ಲ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣಗಳ ಬರಹಗಳನ್ನು ತಪಾಸಣೆ ಮಾಡತೊಡಗಿತು. ತಪಾಸಣೆಗೆ ಹೊತ್ತು ಬೇಕು. ಭಾರತದಲ್ಲಿ ಡಿಸೆಂಬರ್ ನಡುವಿನಿಂದ ನಿಗದಿಯಾಗಿದ್ದ ಅನೇಕ ಸಂದರ್ಶನಗಳು 2026ರ ಮಾರ್ಚಿಗೂ ಅದರಾಚೆಗೂ ಮುಂದೆ ಹೋದವು. ಮೂರು ವಾರಕ್ಕೆಂದು ಬಂದವರು ಮೂರು ತಿಂಗಳು ಸಿಕ್ಕಿಕೊಂಡರು. ಕೆಲವರ ಮಡದಿ ಮಕ್ಕಳು ಅಲ್ಲಿ, ಅವರು ಇಲ್ಲಿ. ಬಾಡಿಗೆ ಅಲ್ಲಿ ಓಡುತ್ತಿದೆ, ಕೆಲಸ ಉಳಿಯುವುದೋ ಇಲ್ಲವೋ ತಿಳಿಯದು. ಮಗ ಇನ್ನಷ್ಟು ದಿನ ಮನೆಯಲ್ಲಿರುತ್ತಾನೆಂದು ಸಂತೋಷಪಡಬೇಕೋ, ಅವನ ಮುಖ ನೋಡಿ ಮರುಗಬೇಕೋ ತಿಳಿಯದ ತಂದೆತಾಯಿಗಳು ಅಂಥ ಮನೆಗಳಲ್ಲಿ.

ಮಲೆನಾಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆಚೆ ದಡದಲ್ಲಿ ಯಾರೋ ಬರೆದ ವೇಳಾಪಟ್ಟಿಗೆ ಈಚೆ ದಡದಲ್ಲಿ ನಿಂತು ಕಾಯುವುದು ಹೇಗಿರುತ್ತದೆಂದು ಹೊಳೆಬಾಗಿಲಿನ ಜನ ಎರಡು ಮೂರು ತಲೆಮಾರು ಕಲಿತಿದ್ದಾರೆ. ಗಾಳಿ ತಪ್ಪಿದ ಹಡಗಿನವರು ಒಂದು ವರ್ಷ ಕಾದರು. ಲಾಂಚ್ ತಪ್ಪಿದವರು ಒಂದು ರಾತ್ರಿ ಕಾದರು. ವೀಸಾದವರೂ ಕಾಯುತ್ತಾರೆ. ಆದರೆ ಹೊಳೆಗೆ ಸೇತುವೆ ಕೇಳಬಹುದಿತ್ತು, ಹತ್ತಾರು ವರ್ಷ ಮನವಿ ಕೊಟ್ಟು ಹೋರಾಡಿ ಪಡೆಯಬಹುದಿತ್ತು. ಬೇರೆ ದೇಶದ ಬಾಗಿಲ ಮುಂದೆ ನಿಂತವರಿಗೆ ಮನವಿ ಕೊಡುವ ಕಚೇರಿ ಯಾವುದು?

ಸೇತುವೆಯಿಂದ ಬರುವುದು ಸುಲಭವಾದಂತೆ ಹೋಗುವುದೂ ಸುಲಭವಾಗಿದೆ. ಅದು ಯಾವುದಕ್ಕೆ ಹೆಚ್ಚು ಬಳಕೆಯಾಗುತ್ತದೆ ಎಂಬುದನ್ನು ತುಮರಿಯ ಶಾಲೆಗಳ ಹಾಜರಿ ಪುಸ್ತಕ, ಸುಗ್ಗಿಯಲ್ಲಿ ಅಡಿಕೆ ಅಟ್ಟದ ಮೇಲೆ ಕಾಣುವ ಜನ ಮುಂದಿನ ವರ್ಷಗಳಲ್ಲಿ ಹೇಳಬೇಕು. ಆಸ್ಪತ್ರೆ, ಕಾಲೇಜು, ಒಳ್ಳೆಯ ಇಂಟರ್ನೆಟ್ಟು ಹೊಳೆಯ ಆಚೆಗೂ ಬಂದರೆ ಕೆಲವರಾದರೂ ಇಲ್ಲೇ ಕುಳಿತು ಹೊರದೇಶದ ಕೆಲಸ ಮಾಡಿಯಾರು. ಕೊರೊನಾದ 2020ರಲ್ಲಿ ಮನೆಗೆ ಮರಳಿದ ಎಷ್ಟೋ ಹುಡುಗರು ಮಲೆನಾಡಿನ ಜಗಲಿಗಳಲ್ಲಿ ಕುಳಿತು ಅದನ್ನು ಮಾಡಿ ತೋರಿಸಿದ್ದಾರೆ.

ಹೋಗುವವರಿಗೆ

ಸಾಗರಕ್ಕೆ ಬೆಂಗಳೂರು, ಮೈಸೂರುಗಳಿಂದ ತಾಳಗುಪ್ಪದ ರೈಲುಗಳಿವೆ. ಸಾಗರದ ನಿಲ್ದಾಣದ ಹೆಸರು ಸಾಗರ ಜಂಬಗಾರು. ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ನಿಲ್ದಾಣವೂ ಆಗಿದೆ. ಸಾಗರದಿಂದ ಆವಿನಹಳ್ಳಿ ಮಾರ್ಗದಲ್ಲಿ ಹೊಳೆಬಾಗಿಲು ಸುಮಾರು ಒಂದು ಗಂಟೆಯ ದಾರಿ. ಸೇತುವೆ ದಾಟಿ ತುಸು ದೂರದಲ್ಲಿ ಸಿಗಂದೂರು. ಕಳ್ಳಕಾಕರಿಂದ ಕಾಯುವ ದೇವಿಯೆಂದು ಹೆಸರಾದ ಚೌಡೇಶ್ವರಿಯ ಜಾತ್ರೆ ಮಕರ ಸಂಕ್ರಾಂತಿಗೆ. ಅಂದು ಜನ ಬಹಳ. ನೀರು ನೋಡಲು ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ. ಹಿನ್ನೀರು ಮೇಲೆ ಶಾಂತವಾಗಿ ಕಂಡರೂ ತಳದಲ್ಲಿ ಹಳೆಯ ಮರದ ಬೊಡ್ಡೆ, ಕೆಸರು, ಆಳದ ಹಳ್ಳಗಳಿವೆ. ಈಜಲು ಇಳಿಯಬಾರದು. ಮರಳುವಾಗ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ದೇವಾಲಯಗಳನ್ನೂ, ಹೆಗ್ಗೋಡಿನ ನೀನಾಸಂ ರಂಗಮಂದಿರವನ್ನೂ ನೋಡಬಹುದು.

ಸೇತುವೆಯ ನಡುವಿನಿಂದ ಬಗ್ಗಿ ನೋಡುವವರಿಗೆ ನೀರು ಮಾತ್ರ ಕಾಣುತ್ತದೆ. ಆ ನೀರಿನ ಅಡಿಯಲ್ಲಿ ಗದ್ದೆಯ ಬದುಗಳಿವೆ, ಮನೆಯ ಹೊಸ್ತಿಲುಗಳಿವೆ. ಅವುಗಳನ್ನು ಬಿಟ್ಟು ಎದ್ದು ಹೋದವರ ಮೊಮ್ಮಕ್ಕಳೇ ಇಂದು ಸೇತುವೆ ದಾಟಿ, ಕಡಲು ದಾಟಿ ಹೋಗುತ್ತಿರುವವರು. ಜನವರಿಯ ಮೊದಲ ವಾರದಲ್ಲಿ ಅವರ ಪೆಟ್ಟಿಗೆಗಳಲ್ಲಿ ಉಪ್ಪಿನಕಾಯಿ, ಅಪ್ಪೆಮಿಡಿ, ಹಪ್ಪಳ ತುಂಬಿರುತ್ತದೆ. ಅಟ್ಟದ ಮೇಲೆ ಮೂರನೆಯ ಕೊಯ್ಲಿನ ಅಡಿಕೆ ಇನ್ನೂ ಒಣಗುತ್ತಿರುತ್ತದೆ.